ಮೊದಲು ಕಿವಿ, ಆಮೇಲೆ ಮೈಕು: ಒಂದು ಮ್ಯೂಸಿಯಂನ ಮೌಖಿಕ ಇತಿಹಾಸ ಬೆಳೆದ ಬಗೆ

ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಕಟ್ಟಡದಲ್ಲಿ ಈ ಮ್ಯೂಸಿಯಂ ಇದೆ. ಮಗ್ಗಗಳು, ಹಾಜರಿ ಪುಸ್ತಕಗಳು, ಪಾಳಿಯ ಸೈರನ್ನು, ಕಾರ್ಮಿಕ ಸಂಘದ ಬಾವುಟಗಳು ಅಲ್ಲಿ ಮೊದಲಿನಿಂದಲೂ ಇದ್ದವು. ಆ ಮಗ್ಗಗಳ ಮುಂದೆ ಆಯುಷ್ಯ ಕಳೆದವರ ಮಾತು ಇರಲಿಲ್ಲ ಎನ್ನುವಷ್ಟು ಕಡಿಮೆ ಇತ್ತು. ಹಿಂದೆ ಯಾರೋ ಉತ್ಸಾಹದಿಂದ ತುಂಬಿಸಿಟ್ಟ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದು ಮಾಸಿದ ಹೆಸರುಗಳು, ಅಷ್ಟೇ. ಗಿರಣಿಯಲ್ಲಿ ದುಡಿದ ಕೊನೆಯ ತಲೆಮಾರಿಗೆ ಆಗಲೇ ಎಪ್ಪತ್ತು ದಾಟಿತ್ತು. ಇನ್ನು ತಡ ಮಾಡಿದರೆ ಕೇಳಲು ಯಾರೂ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮ್ಯೂಸಿಯಂನ ಹೆಸರು, ಊರು, ಜನರ ಗುರುತು ಯಾವುದನ್ನೂ ಇಲ್ಲಿ ಹೇಳಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದೆ. ಯಾವ ತೀರ್ಮಾನದ ನಂತರ ಯಾವ ತೀರ್ಮಾನ ಬಂತು ಎಂಬ ಸರಣಿಯನ್ನು ಮಾತ್ರ ಮುಟ್ಟಿಲ್ಲ.

ಆರಂಭದ ಯೋಜನೆ ಸರಳವಾಗಿತ್ತು. ಕ್ಯುರೇಟರ್ ಒಬ್ಬರೇ ಎಷ್ಟು ಜನರನ್ನು ಮಾತಾಡಿಸಬಲ್ಲರು? ಸ್ವಯಂಸೇವಕರನ್ನು ಕರೆದು, ಒಂದು ಮಧ್ಯಾಹ್ನ ತರಬೇತಿ ಕೊಟ್ಟು, ಪ್ರಶ್ನೆಗಳ ಪಟ್ಟಿ ಕೈಗಿಟ್ಟು ಕಳಿಸಿದರೆ ಸಂಗ್ರಹ ತಾನೇ ಬೆಳೆಯುತ್ತದೆ. ರೆಕಾರ್ಡಿಂಗ್‌ಗೆ ಅವರವರ ಫೋನೇ ಸಾಕು. ಜನರೂ ಬಂದರು. ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಗಿರಣಿಯಲ್ಲಿ ಗುಮಾಸ್ತರಾಗಿದ್ದ ಒಂದಿಬ್ಬರು. ಮಾತಾಡಿಸುವ ಕೆಲಸ ಎಲ್ಲರಿಗೂ ಬೇಕಿತ್ತು. ಮ್ಯೂಸಿಯಂನ ಆಡಳಿತ ಮಂಡಳಿಯ ಸಭೆಯಲ್ಲಿ ಪ್ರತಿ ಸಲವೂ 'ಇಷ್ಟು ಗಂಟೆ ಧ್ವನಿಮುದ್ರಣ ಆಗಿದೆ' ಎಂಬ ಲೆಕ್ಕ ಓದಲಾಗುತ್ತಿತ್ತು. ಆ ಸಂಖ್ಯೆ ಏರುತ್ತಲೇ ಇತ್ತು.

ಪೆಟ್ಟು ಬಿದ್ದದ್ದು ಪ್ರದರ್ಶನದ ಸಿದ್ಧತೆಯ ವೇಳೆ. ರಾತ್ರಿಪಾಳಿಯ ಬಗ್ಗೆ ಒಂದು ಕೋಣೆ ಸಜ್ಜಾಗುತ್ತಿತ್ತು. ವಿನ್ಯಾಸಕಿ ಕೇಳಿದ್ದು ಇಷ್ಟೇ: 'ರಾತ್ರಿಪಾಳಿ ಮಾಡಿದ ಹೆಂಗಸೊಬ್ಬರ ಧ್ವನಿಯಲ್ಲಿ ಎರಡು ನಿಮಿಷ ಕೊಡಿ.' ಅಂಥ ಮಾತು ಸಂಗ್ರಹದಲ್ಲಿ ಖಂಡಿತ ಇತ್ತು, ಕೇಳಿದ ನೆನಪೂ ಹಲವರಿಗಿತ್ತು. ಎಲ್ಲಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಡತಗಳ ಹೆಸರು ನೋಡಿದರೆ 'ಹೊಸ ರೆಕಾರ್ಡಿಂಗ್ 14', 'ಅಜ್ಜಿ ಭಾಗ 2'. ಕೆಲವನ್ನು ಸ್ವಯಂಸೇವಕರು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅಲ್ಲಿ ಧ್ವನಿ ಕುಗ್ಗಿತ್ತು, ಮೂಲ ಹೆಸರೂ ದಿನಾಂಕವೂ ಕಳೆದುಹೋಗಿದ್ದವು. ಕೆಲವರ ಒಪ್ಪಿಗೆ ಪತ್ರವಿತ್ತು, ಯಾವ ಕಡತಕ್ಕೆ ಸೇರಿದ್ದೆಂಬ ಗುರುತಿರಲಿಲ್ಲ. ಇನ್ನು ಕೆಲವು ಫೋನುಗಳಲ್ಲೇ ಉಳಿದಿದ್ದವು, ಅವುಗಳ ಮಾಲೀಕರು ಓದು ಮುಗಿಸಿ ಊರು ಬಿಟ್ಟಿದ್ದರು. ಕೊನೆಗೆ ಆ ಕೋಣೆ ಧ್ವನಿಯಿಲ್ಲದೆ, ಬರೀ ಚಿತ್ರಗಳೊಂದಿಗೆ ತೆರೆಯಿತು.

ಮೌಖಿಕ ಇತಿಹಾಸ, ಅಂದರೆ ಜನರ ನೆನಪನ್ನು ಅವರ ಮಾತಿನಲ್ಲೇ ದಾಖಲಿಸುವ ಕ್ಷೇತ್ರಕ್ಕೆ ಈ ತೊಡಕು ಹೊಸದಲ್ಲ. 1948ರಲ್ಲಿ ಅಲನ್ ನೆವಿನ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನೊಂದು ವ್ಯವಸ್ಥಿತ ಕಾರ್ಯಕ್ರಮವಾಗಿ ಆರಂಭಿಸಿದಾಗ ಬರಹಕ್ಕಿಳಿದ ಪುಟಗಳೇ ನಿಜವಾದ ದಾಖಲೆ ಎನಿಸಿಕೊಂಡಿದ್ದವು. ಮಾತು ಟೈಪಾದ ಮೇಲೆ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಇವತ್ತು ಧ್ವನಿಯೇ ಮೂಲ ಎನ್ನುತ್ತೇವೆ, ಸರಿ. ಆದರೆ ಧ್ವನಿಯೊಳಗೆ ಹುಡುಕುವುದು ಪುಟ ತಿರುವಿದಷ್ಟು ಸುಲಭವಲ್ಲ. ಅನುಭವಿಗಳು ಕೂತು ಬರೆದರೂ ಒಂದು ಗಂಟೆಯ ಸಂದರ್ಶನ ಅಕ್ಷರಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಹೇಳುವವರ ಉಚ್ಚಾರ ತೊಡಕಾಗಿದ್ದರೆ ಇನ್ನೂ ಹೆಚ್ಚು. ಈ ಲೆಕ್ಕವನ್ನು ಮ್ಯೂಸಿಯಂನಲ್ಲಿ ಮೊದಲೇ ಯಾರೂ ಹಾಕಿರಲಿಲ್ಲ. ರೆಕಾರ್ಡ್ ಮಾಡುವವರು ಇಪ್ಪತ್ತು ಜನ, ಕೇಳಿ ವಿವರ ಬರೆಯುವವರು ಒಬ್ಬರೂ ಇಲ್ಲ ಎಂಬ ಸ್ಥಿತಿಯಲ್ಲಿ ಸಂಗ್ರಹ ಬೆಳೆದಷ್ಟೂ ಕೈಗೆ ಸಿಗುವುದು ಕಡಿಮೆಯಾಗುತ್ತಿತ್ತು.

ನಿಲ್ಲಿಸಿದ್ದು

ಕ್ಯುರೇಟರ್ ಆಗ ತೆಗೆದುಕೊಂಡ ತೀರ್ಮಾನ ಹಲವರಿಗೆ ಹಿಡಿಸಲಿಲ್ಲ. ಹೊಸ ಸಂದರ್ಶನಗಳನ್ನು ಕೆಲವು ತಿಂಗಳ ಮಟ್ಟಿಗೆ ಪೂರ್ತಿ ನಿಲ್ಲಿಸಿದರು. ತೀರಾ ವಯಸ್ಸಾದವರ, ಕಾಯಿಲೆಯಿಂದ ಮಲಗಿದವರ ಮಾತಿಗೆ ಮಾತ್ರ ವಿನಾಯಿತಿ. ಮಂಡಳಿಯ ಹಿರಿಯ ಸದಸ್ಯರೊಬ್ಬರು ನೇರವಾಗಿ ಕೇಳಿದರು: 'ಜನ ಸಾಯ್ತಾ ಇದ್ದಾರೆ, ನೀವು ಅಂಗಡಿ ಬಾಗಿಲು ಹಾಕ್ತೀರಾ?' ಆಕ್ಷೇಪ ನ್ಯಾಯವಾದದ್ದೇ. ಕ್ಯುರೇಟರ್ ಕೊಟ್ಟ ಉತ್ತರವೂ ಅಷ್ಟೇ ನೇರವಾಗಿತ್ತು: 'ಈಗ ಇಟ್ಟುಕೊಂಡಿರೋದನ್ನ ಹೀಗೇ ಬಿಟ್ರೆ ಅವರು ಎರಡನೇ ಸಲ ಸತ್ತ ಹಾಗೆ, ಸರ್.'

ಸ್ವಯಂಸೇವಕರಲ್ಲಿ ಸುಮಾರು ಅರ್ಧ ಜನ ಬರುವುದನ್ನು ಬಿಟ್ಟರು. ಅವರಿಗೆ ಬೇಕಿದ್ದದ್ದು ಹಿರಿಯರ ಎದುರು ಕೂತು ಕಥೆ ಕೇಳುವುದು. ಕಂಪ್ಯೂಟರ್ ಮುಂದೆ ಹೆಡ್‌ಫೋನು ಹಾಕಿಕೊಂಡು ಬೇರೆಯವರು ಮಾಡಿದ ರೆಕಾರ್ಡಿಂಗ್ ಆಲಿಸುವುದಲ್ಲ. ಉಳಿದ ಅರ್ಧವೇ ಮುಂದೆ ಈ ಕಾರ್ಯಕ್ರಮದ ಬೆನ್ನೆಲುಬಾಯಿತು. ಆದರೆ ಆ ದಿನಗಳಲ್ಲಿ ಅದು ಹಾಗೆ ಕಾಣುತ್ತಿರಲಿಲ್ಲ. ಸೋತ ತಂಡದಂತೆಯೇ ಕಾಣುತ್ತಿತ್ತು.

ಉಳಿದವರಿಗೆ ಕೊಟ್ಟ ಕೆಲಸ ಪೂರ್ತಿ ಬರಹಕ್ಕಿಳಿಸುವುದಲ್ಲ, ಸೂಚಿ ಮಾಡುವುದು. ಸಂದರ್ಶನವನ್ನು ಕೇಳುತ್ತಾ ಹೋಗಿ, ವಿಷಯ ಬದಲಾದಲ್ಲೆಲ್ಲ ಸಮಯ ಗುರುತು ಹಾಕಿ, ಆ ತುಣುಕಿಗೊಂದು ಶೀರ್ಷಿಕೆ, ಎರಡು ಸಾಲಿನ ಸಾರ, ನಾಲ್ಕಾರು ಪದಗಳ ಗುರುತು ಕೊಡಬೇಕು. ಕೆಂಟಕಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 2008ರಲ್ಲಿ ರೂಪುಗೊಂಡು ಆಮೇಲೆ ಎಲ್ಲರಿಗೂ ಉಚಿತವಾಗಿ ಸಿಕ್ಕ 'ಓಎಚ್‌ಎಂಎಸ್' ತಂತ್ರಾಂಶ ಇದೇ ತತ್ವದ ಮೇಲೆ ನಡೆಯುತ್ತದೆ. ಕೇಳುಗ ಪದವೊಂದನ್ನು ಹುಡುಕಿದರೆ ಧ್ವನಿ ಆ ಕ್ಷಣದಿಂದಲೇ ಶುರುವಾಗುತ್ತದೆ. ಪೂರ್ತಿ ಬರಹಕ್ಕೆ ಹಿಡಿಯುವ ಹೊತ್ತಿನ ಚಿಕ್ಕ ಪಾಲಿನಲ್ಲಿ ಸೂಚಿ ಮುಗಿಯುತ್ತದೆ. ಬರಹವಿಲ್ಲದೆಯೂ ಸಂದರ್ಶನ ಬಳಕೆಗೆ ಸಿಗುತ್ತದೆ ಎಂಬುದು ಗೊತ್ತಾದದ್ದೇ ಅಲ್ಲಿ ದೊಡ್ಡ ಬಿಡುಗಡೆ.

ಸೂಚಿಯ ಕೆಲಸಕ್ಕೆ ಜೋಡಿಗಳನ್ನು ಮಾಡಿದರು: ಕಂಪ್ಯೂಟರ್ ಬಲ್ಲ ಒಬ್ಬ ಕಿರಿಯ, ಗಿರಣಿ ಬಲ್ಲ ಒಬ್ಬ ಹಿರಿಯ. ಯಾಕೆಂದರೆ ಲಾಳಿ, ಹಾಸು, ಹೊಕ್ಕು, ಬಾಬಿನ್ನು ಎಂಬ ನೇಯ್ಗೆಯ ಮಾತುಗಳನ್ನು ಕಿರಿಯರು ಹೇಗೋ ಹಿಡಿಯುತ್ತಿದ್ದರು. ಆದರೆ ಗಿರಣಿಯ ಒಂದು ಖಾತೆಯವರು (ವಿಭಾಗದವರು) ಇನ್ನೊಂದು ಖಾತೆಯವರನ್ನು ಕರೆಯುತ್ತಿದ್ದ ಅಡ್ಡಹೆಸರು, ಯಂತ್ರದ ಭಾಗಗಳಿಗೆ ಕಾರ್ಮಿಕರೇ ಕಟ್ಟಿದ ಹೆಸರುಗಳು ಯಾವ ಕೋಶದಲ್ಲೂ ಇಲ್ಲ. ಹಿರಿಯರು ಅದನ್ನು ಬಿಡಿಸಿ ಹೇಳುತ್ತಾ ಹೋದಂತೆ ಪದಗಳ ಒಂದು ಪಟ್ಟಿಯೇ ಬೆಳೆಯಿತು. ನನ್ನನ್ನು ಕೇಳಿದರೆ ಇಡೀ ಕಾರ್ಯಕ್ರಮದ ಅತ್ಯಂತ ಬೆಲೆಬಾಳುವ ಉಪಉತ್ಪನ್ನ ಆ ಪಟ್ಟಿ. ಎಲ್ಲ ಸೂಚಿಗಳಲ್ಲೂ ಒಂದೇ ವಿಷಯಕ್ಕೆ ಒಂದೇ ಪದ ಬಳಸಲು ಅದೇ ಆಧಾರವಾಯಿತು. ಇಲ್ಲದಿದ್ದರೆ ಒಬ್ಬರು 'ಮುಷ್ಕರ' ಎಂದೂ ಇನ್ನೊಬ್ಬರು 'ಸ್ಟ್ರೈಕ್' ಎಂದೂ ಬರೆದು, ಹುಡುಕಿದವರಿಗೆ ಅರ್ಧವೇ ಸಿಗುತ್ತಿತ್ತು.

ಇನ್ನೊಂದು ಫಲ ಯಾರೂ ನಿರೀಕ್ಷಿಸದ್ದು. ತಾವೇ ಮಾಡಿದ ಸಂದರ್ಶನಕ್ಕೆ ತಾವೇ ಸೂಚಿ ಬರೆಯಲು ಕೂತ ಸ್ವಯಂಸೇವಕರು ತಮ್ಮ ಧ್ವನಿ ಕೇಳಿ ಬೆಚ್ಚಿದರು. ನಿರೂಪಕರು, ಅಂದರೆ ತಮ್ಮ ಕಥೆ ಹೇಳುತ್ತಿದ್ದ ಹಿರಿಯರು, ಒಂದು ಕ್ಷಣ ಸುಮ್ಮನಾದರೆ ಸಾಕು, ಇವರು ಮುಂದಿನ ಪ್ರಶ್ನೆ ಎಸೆದಿದ್ದರು. ಬೆಂಕಿ ಅನಾಹುತದ ಮಾತು ಬಂದೊಡನೆ 'ಓಹೋ, ಸರಿ, ನಿಮ್ಮ ಸಂಬಳ ಎಷ್ಟಿತ್ತು?' ಎಂದು ಪಟ್ಟಿಯ ಮುಂದಿನ ಪ್ರಶ್ನೆಗೆ ಹಾರಿದ್ದರು. ಇದನ್ನು ತರಬೇತಿಯಲ್ಲಿ ನೂರು ಸಲ ಹೇಳಿದರೂ ನಾಟಿರಲಿಲ್ಲ, ಕಿವಿಯಲ್ಲಿ ಕೇಳಿದಾಗ ನಾಟಿತು. ಅಲ್ಲಿಂದ ಒಂದು ನಿಯಮ ಬಂತು: ಬೇರೆಯವರ ಮೂರು ಸಂದರ್ಶನಗಳಿಗೆ ಸೂಚಿ ಬರೆಯದವರ ಕೈಗೆ ಮೈಕು ಇಲ್ಲ. ಪ್ರಶ್ನೆಗಳ ಪಟ್ಟಿಯನ್ನೂ ಹಿಂತೆಗೆದುಕೊಂಡು, ಅದರ ಬದಲು ಐದಾರು ವಿಷಯಗಳ ಚೀಟಿ ಕೊಟ್ಟರು.

ಯಂತ್ರ ಬರೆದ ಮಾತು

ಈ ಹೊತ್ತಿಗೆ ಧ್ವನಿಯನ್ನು ತಾನೇ ಅಕ್ಷರಕ್ಕಿಳಿಸುವ ತಂತ್ರಾಂಶಗಳು ಎಲ್ಲರ ಕೈಗೆ ಬಂದಿದ್ದವು. 2022ರ ಸೆಪ್ಟೆಂಬರ್‌ನಲ್ಲಿ 'ವಿಸ್ಪರ್' ಮುಕ್ತವಾಗಿ ಹೊರಬಂದ ಮೇಲಂತೂ ಸಣ್ಣ ಸಂಸ್ಥೆಗಳೂ ತಮ್ಮದೇ ಕಂಪ್ಯೂಟರಿನಲ್ಲಿ ಇದನ್ನು ನಡೆಸಬಹುದಾಯಿತು. ಈ ಮ್ಯೂಸಿಯಂ ಕೂಡ ಅಂಥದೊಂದು ತಂತ್ರಾಂಶ ಹಿಡಿಯಿತು. ಯಾವುದೆಂದು ಹೇಳಬೇಕಾಗಿಲ್ಲ, ಇಂಥ ತೊಡಕು ಒಂದರದ್ದಷ್ಟೇ ಅಲ್ಲ. ಮೊದಲ ಫಲ ನೋಡಿ ಎಲ್ಲರೂ ಹಿಗ್ಗಿದರು. ಒಂದು ಗಂಟೆಯ ಮಾತು ಕೆಲವೇ ನಿಮಿಷಗಳಲ್ಲಿ ಪುಟಗಳಾಗಿ ಬಿತ್ತು.

ಪರಿಶೀಲನೆಗೆ ಕೂತ ನಿವೃತ್ತ ಶಿಕ್ಷಕಿಯೊಬ್ಬರು ಒಂದು ಕಡೆ ತಡೆದರು. ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಕಳೆದುಕೊಂಡ ಗೆಳತಿಯ ಬಗ್ಗೆ ನಿರೂಪಕಿ ಹೇಳುತ್ತಾ, ಅರ್ಧಕ್ಕೇ ನಿಲ್ಲುತ್ತಾರೆ. ಧ್ವನಿಯಲ್ಲಿ ಅಲ್ಲಿರುವುದು ಉದ್ದನೆಯ ಮೌನ, ಹಿನ್ನೆಲೆಯಲ್ಲಿ ಫ್ಯಾನಿನ ಸದ್ದು. ಬರಹದಲ್ಲಿ ಆ ಜಾಗದಲ್ಲಿ ಒಂದು ಪೂರ್ತಿ ವಾಕ್ಯ ಕೂತಿತ್ತು, ವ್ಯಾಕರಣಬದ್ಧವಾಗಿ, ನಂಬುವಂತೆ. ನಿರೂಪಕಿ ಅದನ್ನು ಹೇಳಿಯೇ ಇರಲಿಲ್ಲ. ಧ್ವನಿ ಕೇಳದೆ ಬರಹ ಮಾತ್ರ ಓದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

2024ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿಸ್ಪರ್ ಬಗ್ಗೆ ಇದನ್ನೇ ತೋರಿಸಿತು. ಪರೀಕ್ಷಿಸಿದ ಧ್ವನಿತುಣುಕುಗಳಲ್ಲಿ ಸುಮಾರು ಶೇ. 1ರಷ್ಟರಲ್ಲಿ ಯಾರೂ ಆಡದ ಮಾತು ಸೇರಿಕೊಂಡಿತ್ತು. ಮಾತಿನ ನಡುವೆ ಮೌನ ಹೆಚ್ಚಿದ್ದವರ ಧ್ವನಿಯಲ್ಲಿ ಈ ಅಪಾಯವೂ ಹೆಚ್ಚು. ಶೇ. 1 ಎಂದರೆ ಕಡಿಮೆ ಎನಿಸಬಹುದು. ಆದರೆ ವಯಸ್ಸಾದವರ ಮಾತಿನಲ್ಲಿ ಮೌನ ಬರುವುದು ಎಲ್ಲಿ? ನೋವಿನ ಜಾಗದಲ್ಲಿ, ಹೇಳಬೇಕೋ ಬೇಡವೋ ಎಂದು ತೂಗುವ ಜಾಗದಲ್ಲಿ. ಅಂದರೆ ಸಂಶೋಧಕರು ಉದ್ಧರಿಸಲು ಮುಗಿಬೀಳುವ ಜಾಗದಲ್ಲೇ ಯಂತ್ರ ತಪ್ಪುವ ಸಂಭವ ಜಾಸ್ತಿ.

ತಂತ್ರಾಂಶವನ್ನು ಬಿಡಲಿಲ್ಲ, ಪರಿಶೀಲನೆಯ ಕ್ರಮವನ್ನು ತಿರುಗಿಸಿದರು. ಓದುತ್ತಾ ಹೋಗಿ ಅನುಮಾನ ಬಂದಲ್ಲಿ ಕೇಳುವುದು ಹಳೆಯ ಕ್ರಮ. ಈಗ ಧ್ವನಿಯ ಅಲೆಚಿತ್ರದಲ್ಲಿ ಚಪ್ಪಟೆಯಾಗಿ ಕಾಣುವ ಜಾಗಗಳನ್ನೆಲ್ಲ ಮೊದಲು ಕೇಳಬೇಕು, ಮೌನವಿದ್ದಲ್ಲಿ 'ಮೌನ' ಎಂದೇ ಬರೆಯಬೇಕು. ಯಾರೂ ಕೂತು ಕೇಳದ ಬರಹದ ನೆತ್ತಿಯ ಮೇಲೆ 'ಯಂತ್ರದ ಕರಡು, ಉದ್ಧರಿಸಬೇಡಿ' ಎಂಬ ಪಟ್ಟಿ. ಸೂಚಿ ಬರೆಯುವವರಿಗೆ ಕರಡು ತುಂಬಾ ನೆರವಾಯಿತು, ಸೂಚಿಯ ಬದಲಿಗೆ ಮಾತ್ರ ಅದು ನಿಲ್ಲಲಿಲ್ಲ.

ಹಿರಿಯ ಸ್ವಯಂಸೇವಕರಿಂದ ಇನ್ನೊಂದು ಬಗೆಯ ತಿದ್ದುಪಡಿ ನುಸುಳುತ್ತಿತ್ತು, ಅದು ಯಂತ್ರದ್ದಕ್ಕಿಂತ ಸೂಕ್ಷ್ಮ. ಗುಮಾಸ್ತರಾಗಿದ್ದವರೊಬ್ಬರಿಗೆ ದೊಡ್ಡ ಮುಷ್ಕರದ ವರ್ಷ ಬೆರಳ ತುದಿಯಲ್ಲಿತ್ತು. ನಿರೂಪಕರು ಬೇರೆ ವರ್ಷ ಹೇಳಿದರೆ ಬರಹದಲ್ಲಿ ಸರಿ ಮಾಡಿಬಿಡುತ್ತಿದ್ದರು. 'ತಪ್ಪನ್ನ ಹಾಗೇ ಬಿಡೋದಾ? ಓದಿದವರು ನಮ್ಮನ್ನ ಏನಂದ್ಕೋತಾರೆ?' ಎಂದು ಅವರ ವಾದ. ಕ್ಯುರೇಟರ್ ಇಟಲಿಯ ಟೆರ್ನಿ ಪಟ್ಟಣದ ಉದಾಹರಣೆ ಹೇಳಿದರು. ಅಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಉಕ್ಕಿನ ಕಾರ್ಖಾನೆಯ ಯುವ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೋ ವಿರೋಧಿ ಪ್ರತಿಭಟನೆಯ ವೇಳೆ. ಆದರೆ ಊರಿನ ಎಷ್ಟೋ ಜನರ ನೆನಪಿನಲ್ಲಿ ಆ ಸಾವು ನಡೆದದ್ದು 1953ರಲ್ಲಿ, ಸಾವಿರಾರು ಜನ ಕೆಲಸ ಕಳೆದುಕೊಂಡಾಗಿನ ಗಲಭೆಯಲ್ಲಿ. ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅದನ್ನು ತಪ್ಪೆಂದು ತಳ್ಳಿಹಾಕಲಿಲ್ಲ. ಆ ಸಾವಿಗೆ ಒಂದು ಅರ್ಥ ಕೊಡಲು ಊರು ಅದನ್ನು ಯಾಕೆ ಜಾಗ ಬದಲಿಸಿ ಇಟ್ಟುಕೊಂಡಿತು ಎಂದು ಕೇಳಿದರು. ಗುಮಾಸ್ತರು ಪೂರ್ತಿ ಒಪ್ಪಲಿಲ್ಲ. ಕೊನೆಗೆ ಆದ ರಾಜಿ ಇದು: ಬರಹ ನಿರೂಪಕರ ಬಾಯಿಮಾತಿನಂತೆಯೇ ಇರಬೇಕು, ತಿದ್ದುಪಡಿ ಬೇಕೆಂದವರು ತಮ್ಮ ಹೆಸರು ಹಾಕಿ ಕೆಳಗೆ ಪ್ರತ್ಯೇಕ ಟಿಪ್ಪಣಿ ಬರೆಯಬೇಕು. ಅವರ ಟಿಪ್ಪಣಿಗಳೂ ಈಗ ಸಂಗ್ರಹದ ಭಾಗ.

ಎದುರು ಕೂರಲೇಬೇಕಾದ ಕಾರಣ

ಸಂದರ್ಶನ ಮತ್ತೆ ಶುರುವಾದಾಗ ದೂರದ ಊರುಗಳಲ್ಲಿ ನೆಲೆಸಿದ ಕಾರ್ಮಿಕರನ್ನು ವಿಡಿಯೊ ಕರೆಯಲ್ಲಿ ಮಾತಾಡಿಸುವ ಆಸೆ ಇತ್ತು. ಅದು ಹೆಚ್ಚು ದಿನ ನಡೆಯಲಿಲ್ಲ. ಕಾರಣ ಗಿರಣಿಯೇ. ಮಗ್ಗದ ಶೆಡ್ಡಿನ ಸದ್ದು 90 ಡೆಸಿಬಲ್ ಮೀರುತ್ತಿತ್ತು. ಅದರಲ್ಲಿ ದಶಕಗಟ್ಟಲೆ ನಿಂತವರಲ್ಲಿ ಬಹಳ ಜನರಿಗೆ ಕಿವಿ ಮಂದ. ಅವರು ಕೆಲಸದ ವೇಳೆ ತುಟಿ ನೋಡಿ ಮಾತು ಹಿಡಿಯಲು ಕಲಿತವರು. ವಿಡಿಯೊ ಕರೆಯಲ್ಲಿ ತುಟಿ ಒಂದು ಕಡೆ, ಧ್ವನಿ ಇನ್ನೊಂದು ಕಡೆ. ಮಾತು ತಡವರಿಸುತ್ತಿತ್ತು, ಇಬ್ಬರಿಗೂ ಸಿಟ್ಟು ಬರುತ್ತಿತ್ತು. ಮೇಲಾಗಿ ಕರೆಯ ತಂತ್ರಾಂಶ ಹಿನ್ನೆಲೆ ಸದ್ದನ್ನು ಅಳಿಸುವ ಭರದಲ್ಲಿ ಮೆತ್ತಗೆ ಆಡಿದ ಮಾತನ್ನೂ ಅಳಿಸುತ್ತಿತ್ತು.

ಹೀಗಾಗಿ ಎದುರೇ ಕೂರಬೇಕು, ಬೆಳಕು ಸಂದರ್ಶಕರ ಮುಖದ ಮೇಲೆ ಬೀಳಬೇಕು ಎಂದಾಯಿತು. ಛಾಯಾಗ್ರಹಣ ಕಲಿತವರಿಗೆ ಇದು ಉಲ್ಟಾ ಎನಿಸುತ್ತದೆ, ಬೆಳಕು ಬೇಕಾದದ್ದು ಮಾತಾಡುವವರಿಗಲ್ಲವೇ ಎಂದು. ಇಲ್ಲಿ ಪ್ರಶ್ನೆ ಕೇಳುವವರ ತುಟಿ ನಿರೂಪಕರಿಗೆ ಕಾಣುವುದೇ ಮುಖ್ಯ. ಫೋನಿನ ಬದಲು ಎರಡು ಕೊರಳಮೈಕು ಸಿಗಿಸಬಹುದಾದ ಸಣ್ಣ ರೆಕಾರ್ಡರುಗಳನ್ನು ಕೊಂಡು, ಸಾಲ ಕೊಡುವ ಪದ್ಧತಿ ಇಟ್ಟರು. ಸಂಕುಚಿತಗೊಳಿಸದ ವೇವ್ ಧ್ವನಿಕಡತ, ಗುಣಮಟ್ಟ 48 ಕಿಲೊಹರ್ಟ್ಸ್, 24 ಬಿಟ್. ಎರಡು ಮೈಕಿನ ಒಂದು ಗಂಟೆಗೆ ಸುಮಾರು ಒಂದು ಜಿಬಿ. ರೆಕಾರ್ಡರ್ ಹಿಂತಿರುಗಿಸಿದ ದಿನವೇ ಕಡತವನ್ನು ಕಚೇರಿಯಲ್ಲಿ ಇಳಿಸಿಕೊಂಡು, ಹೆಸರಿಟ್ಟು, ಚೆಕ್‌ಸಮ್ (ಕಡತ ಮುಂದೆ ಬದಲಾದರೆ ಪತ್ತೆಹಚ್ಚುವ ಗುರುತುಸಂಖ್ಯೆ) ತೆಗೆದು, ಮೂರು ಪ್ರತಿ ಮಾಡಿ, ಅದರಲ್ಲೊಂದನ್ನು ಕಟ್ಟಡದ ಹೊರಗಿಡುತ್ತಾರೆ. ಹೇಳಲು ಬೇಸರದ ವಿಷಯ, ಆದರೆ ಹಿಂದೆ ಆಗಿದ್ದ ನಷ್ಟದಲ್ಲಿ ಹೆಚ್ಚಿನ ಪಾಲು ಈ ಒಂದು ಹೆಜ್ಜೆಗೆ ನಿಂತಿತು.

ಒಪ್ಪಿಗೆ ಎರಡು ಸಲ

ಕಾರ್ಯಕ್ರಮ ಮುಗಿದೇಹೋಗಬಹುದಾಗಿದ್ದ ಗಳಿಗೆಯೊಂದು ಬಂತು. ಸಂದರ್ಶನವೊಂದರಲ್ಲಿ ನಿರೂಪಕಿ ತಮ್ಮ ಖಾತೆಯ ಮೇಸ್ತ್ರಿಯೊಬ್ಬ ಹೆಂಗಸರೊಂದಿಗೆ ನಡೆದುಕೊಳ್ಳುತ್ತಿದ್ದ ರೀತಿಯನ್ನು ಹೆಸರು ಹಿಡಿದು ಹೇಳಿದ್ದರು. ಸಹಿ ಹಾಕಿದ ಪತ್ರದಲ್ಲಿ 'ಮ್ಯೂಸಿಯಂ ಬಳಸಿಕೊಳ್ಳಬಹುದು' ಎಂಬ ಒಂದೇ ಸಾಲು. ಸೂಚಿ ಅಂತರಜಾಲಕ್ಕೆ ಹೋಗುವ ಮುನ್ನ, ಅದನ್ನು ಬರೆದ ಹುಡುಗಿ ಕ್ಯುರೇಟರ್ ಬಳಿ ಬಂದು, 'ಮೇಡಂ, ಆ ಮೇಸ್ತ್ರಿ ಮಕ್ಕಳು ಇಲ್ಲೇ ಇದ್ದಾರೆ, ಇವರೂ ಇಲ್ಲೇ ಇದ್ದಾರೆ' ಎಂದಳು. ಕೂತು ಪೂರ್ತಿ ಆಲಿಸಿದ ಮನುಷ್ಯರೊಬ್ಬರು ಇದ್ದದ್ದರಿಂದಲೇ ಅದು ತಡೆಯಿತು. ಯಂತ್ರದ ಕರಡು ನೇರ ಏರಿದ್ದರೆ ಹೆಸರು ಹುಡುಕಿದವರಿಗೆಲ್ಲ ಸಿಕ್ಕಿರುತ್ತಿತ್ತು.

ನಿರೂಪಕಿಯನ್ನು ಮತ್ತೆ ಕೇಳಿದಾಗ ಅವರು, 'ಹೇಳಿದ್ದು ಹೇಳಿದ್ದೇ ಕಣಮ್ಮಾ, ಅಳಿಸಬೇಡಿ. ನಾನು ಹೋದಮೇಲೆ ಬೇಕಾದ್ರೆ ಹಾಕಿ' ಎಂದರು. ಇಂಥ ಷರತ್ತನ್ನು ಒಪ್ಪಿಕೊಳ್ಳುವಾಗ ಸಂಸ್ಥೆ ಏನನ್ನು ಕೊಡಬಲ್ಲದೋ ಅಷ್ಟನ್ನೇ ಮಾತು ಕೊಡಬೇಕು. ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆ ಇದಕ್ಕೆ ಎಚ್ಚರಿಕೆ. ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಭಾಗಿಯಾದವರಿಗೆ 'ನಿಮ್ಮ ಜೀವಿತಾವಧಿಯಲ್ಲಿ ಯಾರಿಗೂ ಸಿಗದು' ಎಂದು ಭರವಸೆ ಕೊಟ್ಟು ಮಾಡಿದ್ದ ಧ್ವನಿಮುದ್ರಣಗಳನ್ನು ಹಾಜರುಪಡಿಸುವಂತೆ 2011ರಲ್ಲಿ ಆದೇಶ ಬಂತು, ಕೆಲವು ಪೊಲೀಸರ ಕೈಸೇರಿದವು. ಆದ್ದರಿಂದ ಈ ಮ್ಯೂಸಿಯಂನ ಹೊಸ ಪತ್ರದಲ್ಲಿ 'ನ್ಯಾಯಾಲಯದ ಆದೇಶ ಬಂದರೆ ತಡೆಯಲು ನಮ್ಮಿಂದ ಆಗದಿರಬಹುದು' ಎಂಬ ಸಾಲು ದೊಡ್ಡ ಅಕ್ಷರದಲ್ಲಿದೆ. ಧ್ವನಿಮುದ್ರಣದ ದಿನ ರೆಕಾರ್ಡ್ ಮಾಡಲು ಮಾತ್ರ ಒಪ್ಪಿಗೆ. ಆಮೇಲೆ ಧ್ವನಿಯ ಪ್ರತಿ, ಸೂಚಿ ಎರಡನ್ನೂ ಮನೆಗೆ ಒಯ್ದು ಕೇಳಿಸಿ, ಎಲ್ಲರಿಗೂ ತೆರೆಯಬೇಕೇ, ಮ್ಯೂಸಿಯಂ ಒಳಗೆ ಬಂದವರಿಗೆ ಮಾತ್ರವೇ, ಇಂಥ ವರ್ಷದವರೆಗೆ ಮುಚ್ಚಿಡಬೇಕೇ ಎಂದು ಎರಡನೇ ಒಪ್ಪಿಗೆ. ಹೆಚ್ಚಿನವರು ಮುಚ್ಚಿಡಿ ಎನ್ನುತ್ತಾರೆಂದು ಮಂಡಳಿ ಹೆದರಿತ್ತು. ಆದದ್ದು ಬೇರೆ. ಬಹುಪಾಲು ಜನ ಒಂದೆರಡು ನಿಮಿಷದ ತುಣುಕನ್ನು ಮಾತ್ರ ಮುಚ್ಚಿಸಿ ಉಳಿದದ್ದನ್ನು ತೆರೆದಿಟ್ಟರು. ಎರಡನೇ ಭೇಟಿಯಲ್ಲಿ ಎಷ್ಟೋ ಜನ ಮೊದಲು ಹೇಳದೆ ಬಿಟ್ಟದ್ದನ್ನು ಹೇಳತೊಡಗಿದರು. ಹೀಗಾಗಿ ಆ ಭೇಟಿಗೂ ರೆಕಾರ್ಡರ್ ಒಯ್ಯುವುದು ವಾಡಿಕೆಯಾಯಿತು.

ಈಗಿನ ಸ್ಥಿತಿ

ಮಂಡಳಿಯ ವರದಿಯಲ್ಲಿ ಈಗ ಗಂಟೆಗಳ ಲೆಕ್ಕ ಎರಡನೇ ಸಾಲಿನಲ್ಲಿದೆ. ಮೊದಲ ಸಾಲಿನಲ್ಲಿರುವುದು ಸೂಚಿ ಮುಗಿದು, ಎರಡನೇ ಒಪ್ಪಿಗೆ ಸಿಕ್ಕಿ, ಹುಡುಕಿದರೆ ಸಿಗುವ ಸಂದರ್ಶನಗಳ ಸಂಖ್ಯೆ. ಹೊಸ ರೆಕಾರ್ಡಿಂಗಿನ ವೇಗ ಮೊದಲಿಗಿಂತ ಕಡಿಮೆಯೇ. ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯೂ ಡಿಜಿಟಲ್ ಆಗಿದೆ. ಅದಕ್ಕೆ ಸೂಚಿ ಬರೆದವರು, ಕ್ಯಾಸೆಟ್ಟಿನ ಧ್ವನಿಗಳನ್ನು ಕೇಳಿಯೇ ಗುರುತಿಸಬಲ್ಲ ಹಿರಿಯರು. ವಾರಕ್ಕೆ ಮೂರು ದಿನ ಬರುವ ಸಂಯೋಜಕರೊಬ್ಬರಿಗೆ ಸಂಬಳವಿದೆ, ಅದು ಅನುದಾನದ ಮೇಲೆ ನಿಂತಿದೆ. ಸ್ವಯಂಸೇವಕರಿಂದ ನಡೆಯುವ ಕಾರ್ಯಕ್ರಮ ಎಂದರೆ ಖರ್ಚಿಲ್ಲದ್ದು ಎಂದು ತಿಳಿಯುವ ಸಂಸ್ಥೆಗಳು ಮೊದಲು ಕತ್ತರಿಸುವುದು ಇದೇ ಹುದ್ದೆಯನ್ನು. ಇಲ್ಲಿ ಅದನ್ನು ಉಳಿಸಿಕೊಂಡದ್ದಕ್ಕೇ ಮೇಲಿನದೆಲ್ಲ ಸಾಧ್ಯವಾಯಿತು ಎಂಬುದು ನನ್ನ ಅಭಿಪ್ರಾಯ.

ಇತ್ತೀಚೆಗೆ ಬಂದಿರುವ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮಾತನ್ನು ಗುರುತಿಸುವ ತಂತ್ರಾಂಶಗಳಿಗೆ ತರಬೇತಿ ಕೊಡಲು ಈ ಧ್ವನಿಗಳನ್ನು ಕೊಡುತ್ತೀರಾ ಎಂದು ಹೊರಗಿನವರೊಬ್ಬರು ಕೇಳಿದ್ದಾರೆ. ಕೊಟ್ಟರೆ ವಯಸ್ಸಾದವರ, ಗಿರಣಿಯವರ ಮಾತನ್ನು ಯಂತ್ರ ಸರಿಯಾಗಿ ಹಿಡಿಯಲು ಕಲಿಯಬಹುದು. ಒಪ್ಪಿಗೆ ಪತ್ರಗಳಲ್ಲಿರುವುದು 'ಸಂಶೋಧನೆ, ಶಿಕ್ಷಣ, ಪ್ರದರ್ಶನ' ಎಂಬ ಮೂರು ಪದ. ಇದು ಆ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ ಎಂದು ಸಮಿತಿ ತೀರ್ಮಾನಿಸಿ, ಬದುಕಿರುವ ನಿರೂಪಕರನ್ನು ಒಬ್ಬೊಬ್ಬರನ್ನಾಗಿ ಕೇಳಿ ಬರಲು ಸ್ವಯಂಸೇವಕರನ್ನು ಕಳಿಸಿದೆ. ತೀರಿಹೋದವರ ಪರವಾಗಿ ಉತ್ತರ ಹೇಳಬೇಕಾದವರು ಮನೆಯವರೋ, ಮ್ಯೂಸಿಯಂನವರೋ ಎಂಬ ಚರ್ಚೆ ಮುಂದಿನ ಸಭೆಗೆ ಹೋಗಿದೆ.